ನೊಗದ ಹ್ಯಾಂಡಲ್ಲು

ಅಡುಗೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ನನ್ನ ಹೆಂಡತಿ ಒಂದು ಮರದ ತುಂಡನ್ನು ಅಡ್ಡ ಇಡುತ್ತಾಳೆ. ಗೇಣುದ್ದ, ಅಂಗೈಯಗಲ, ನಡುವೆ ಚಪ್ಪಲಿ ತಿಕ್ಕಿ ತಿಕ್ಕಿ ಬಿದ್ದ ತಗ್ಗು. ಮನೆಗೆ ಬಂದವರು ಅದನ್ನು ಯಾವುದೋ ಹಳೆಯ ಮಣೆಯ ಚೂರು ಎಂದುಕೊಳ್ಳುತ್ತಾರೆ. ಮೊನ್ನೆ ಮೊಮ್ಮಗಳು ಅದನ್ನು ಎಡವಿ, ಕಾಲು ಹಿಡಿದುಕೊಂಡು, "ಏನಜ್ಜ ಇದು?" ಎಂದಳು. "ನನ್ನ ಮೋಟಾರ್ ಬೈಕಿನ ಫುಟ್‌ರೆಸ್ಟು" ಎಂದೆ. ಅವಳು ನೋವು ಮರೆತು ನಕ್ಕಳು. ಆಗಿನ ಕಾಲದಲ್ಲಿ ಬೈಕುಗಳನ್ನು ಮರದಲ್ಲಿ ಮಾಡುತ್ತಿದ್ದರಾ ಎಂದು ಕೇಳಿದಳು. ಇಲ್ಲ, ಎಲ್ಲರ ಬೈಕೂ ಕಬ್ಬಿಣದ್ದೇ ಆಗಿತ್ತು. ನನ್ನದೊಂದೇ ಹಾಗೆ. ಅದಕ್ಕೆ ಕಾರಣ ಅರ್ಧ ನನ್ನ ಬಡಿವಾರ, ಇನ್ನರ್ಧ ಬುಡೇನ್ ಸಾಹೇಬರ ಹಟ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಜ್ಜಂಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದೆ. ಹಳ್ಳಿಯವರು ನನ್ನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. ನಾನು ಅವರನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಗಳಲೆ ರೋಗದ ಲಸಿಕೆ ಹಾಕುವುದು ನನ್ನ ಕೆಲಸ. ಸೈಕಲ್ಲು ತುಳಿದು ಸಾಕಾಗಿ ಒಂದು ಹಳೆಯ ಮೋಟಾರ್ ಬೈಕು ಹುಡುಕಿದೆ. ಕಡೂರಿನ ಕಂಟ್ರಾಕ್ಟರೊಬ್ಬರ ಕೊಟ್ಟಿಗೆಯಲ್ಲಿ ಅದು ಸಿಕ್ಕಿದಾಗ ಹರಿದ ಸೀಟಿನೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಅದು ಎದ್ದು ಹೋಗುವವರೆಗೆ ಕಾಯಬೇಕೆಂದು ಕಂಟ್ರಾಕ್ಟರರ ತಾಯಿ ಪಟ್ಟು ಹಿಡಿದದ್ದರಿಂದ ಎರಡು ವಾರ ತಡೆದು ಬೈಕು ತಂದೆ. ಇಂಜಿನ್ ಗಟ್ಟಿಯಾಗಿತ್ತು. ಉಳಿದದ್ದೆಲ್ಲ ಮುಟ್ಟಿದರೆ ಉದುರುವ ತುಕ್ಕು. ಬಿಡಿಭಾಗ ಎಲ್ಲೂ ಸಿಗಲಿಲ್ಲ, ಆ ಮಾದರಿ ಬರುವುದು ನಿಂತು ಎಷ್ಟೋ ಕಾಲವಾಗಿತ್ತು.

ಬುಡೇನ್ ಸಾಹೇಬರು ತರೀಕೆರೆಯವರು. ಸಂತೆ ಮೈದಾನದ ಎದುರಿನ ಬೀದಿಯಲ್ಲಿ ಅವರ ಮರದ ಅಂಗಡಿ. ತಲೆಮಾರುಗಳಿಂದ ಎತ್ತಿನ ಗಾಡಿಯ ಚಕ್ರ, ನೊಗ, ಮೂಕಿ ಮಾಡಿಕೊಂಡು ಬಂದ ಮನೆತನ. ಟೈರಿನ ಗಾಡಿ ಬಂದ ಮೇಲೆ ಚಕ್ರ ಕೇಳುವವರು ಕಡಿಮೆಯಾದರು. ಮಂಚ, ಕುರ್ಚಿ ಮಾಡಿ ಎಂದರೆ ಅವರ ಮುಖ ಕಪ್ಪಿಡುತ್ತಿತ್ತು.

"ಕುಂತಲ್ಲೇ ಕುಂತಿರೋ ಸಾಮಾನು ಮಾಡೋದ್ರಲ್ಲಿ ಏನೈತೆ ಸಾರ್? ಓಡೋ ಸಾಮಾನು ಮಾಡ್ಬೇಕು" ಎನ್ನುತ್ತಿದ್ದರು.

ನನ್ನ ಬೈಕನ್ನು ಕಂಡಾಗ ಅವರ ಕಣ್ಣು ಹೊಳೆದದ್ದು ನನಗಿನ್ನೂ ನೆನಪಿದೆ. ಮೊದಲು ಲಸಿಕೆಯ ಸೀಸೆಗಳಿಗೆ ತೇಗದ ಪೆಟ್ಟಿಗೆ ಮಾಡಿದರು. ಎರಡು ಪದರದ ಹಲಗೆ, ನಡುವೆ ಭತ್ತದ ಹೊಟ್ಟು. ಬೆಳಗ್ಗೆ ಇಟ್ಟ ಮಂಜುಗಡ್ಡೆ ಸಂಜೆಯವರೆಗೂ ಕರಗುತ್ತಿರಲಿಲ್ಲ. ಆಮೇಲೆ ಜಾಲಿ ಮರದ ಫುಟ್‌ರೆಸ್ಟು, ಹಲಸಿನ ಹಲಗೆಯ ಸೀಟು, ಬೀಟೆಯ ಗೇರ್ ಗುಂಡು, ಹಬೆ ಕೊಟ್ಟು ಬಗ್ಗಿಸಿದ ಮಡ್‌ಗಾರ್ಡು. ಒಂದೊಂದು ಸಲ ಹೋದಾಗಲೂ ನನ್ನ ಬೈಕಿನಲ್ಲಿ ಕಬ್ಬಿಣ ಕಡಿಮೆಯಾಗುತ್ತಿತ್ತು. ಅಜ್ಜಂಪುರದ ಹೋಟೆಲಿನ ಮುಂದೆ ನಿಲ್ಲಿಸಿದರೆ ಜನ ಸುತ್ತ ಸೇರುತ್ತಿದ್ದರು. "ಗೆದ್ದಲು ನೋಡ್ಕಳಿ ಡಾಕ್ಟ್ರೇ" ಎಂದು ಯಾರಾದರೂ ಅಂದೇ ಅನ್ನುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಮಳೆಗಾಲದಲ್ಲಿ ಮಾತ್ರ ಪೆಟ್ಟಿಗೆಯ ಮುಚ್ಚಳ ಊದಿಕೊಂಡು ತೆಗೆಯಲು ಬರುತ್ತಿರಲಿಲ್ಲ. ಐದು ಜನ ಒಂದು ಹೋರಿಯನ್ನು ಕೆಡವಿಕೊಂಡು "ಬೇಗ ಸಾರ್, ಬೇಗ" ಎಂದು ಕೂಗುತ್ತಿರುವಾಗ, ನಾನು ಪೆಟ್ಟಿಗೆಯನ್ನು ಕಲ್ಲಿನಿಂದ ಗುದ್ದುತ್ತ ನಿಂತಿರುತ್ತಿದ್ದೆ.

ಮರದ ಹುಚ್ಚು ನನಗೆ ಹೊಸದಲ್ಲ. ನಾನು ಬೆಳೆದದ್ದು ಪಂಚನಹಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿ. ಕಡೆಗೋಲಿನ ಹುಳಿ ವಾಸನೆ, ಒನಕೆಯ ತಂಪು, ಪೆಟಾರಿಯ ಮುಚ್ಚಳ ಎತ್ತಿದರೆ ಮೂಗಿಗೆ ಬಡಿಯುವ ಕರ್ಪೂರದ ಗಮಲು, ಇವೆಲ್ಲ ಕಣ್ಣು ಮುಚ್ಚಿದರೆ ಈಗಲೂ ಬರುತ್ತವೆ. ಅಜ್ಜಿಗೆ ಒಂದು ಅಭ್ಯಾಸವಿತ್ತು. ಬೇರೆಯವರ ಮನೆಯಲ್ಲಿ ಬಳಸಿದ ಮರದ ಸಾಮಾನು ಬಂದರೆ ಅದನ್ನು ತಕ್ಷಣ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೂರು ದಿನ ಅಂಗಳದಲ್ಲಿ ಬಿಸಿಲಿಗೆ ಇಡಿಸುತ್ತಿದ್ದಳು. ಯಾಕಜ್ಜಿ ಎಂದರೆ, "ಅದು ಅದರ ಮನೇನ ಮರೀಬೇಕಲ್ಲೇನೋ" ಎನ್ನುತ್ತಿದ್ದಳು. ತಿಗಣೆಗೆ ಹೆದರಿ ಹೀಗೆ ಮಾಡುತ್ತಾಳೆಂದು ನಾನು ದೊಡ್ಡವನಾದ ಮೇಲೆ ಅರ್ಥ ಹಚ್ಚಿಕೊಂಡಿದ್ದೆ.

ಒಂದು ಸಲ ಕೆಮ್ಮಣ್ಣುಗುಂಡಿಯ ಅತಿಥಿಗೃಹಕ್ಕೆ ಬಂದಿದ್ದ ಯಾರೋ ದೊಡ್ಡ ಅಧಿಕಾರಿಯ ನಾಯಿಗೆ ಹುಷಾರಿಲ್ಲವೆಂದು ನನ್ನನ್ನು ಕರೆಸಿದರು. ನಾಯಿ ನನ್ನನ್ನು ನೋಡಿದ್ದೇ ಚೇತರಿಸಿಕೊಂಡಿತು. ಇಳಿಯುವಾಗ ತಿರುವೊಂದರಲ್ಲಿ ಜಲ್ಲಿಯ ಮೇಲೆ ಜಾರಿ ಚರಂಡಿಗೆ ಬಿದ್ದೆ. ಮೊಣಕೈ ತರಚಿತು. ಬೈಕಿನ ಹ್ಯಾಂಡಲ್ಲು ನಡುವಿಗೇ ಮುರಿದು ಎರಡು ತುಂಡಾಯಿತು. ಲಾರಿಯವನೊಬ್ಬ ಬೈಕನ್ನೂ ನನ್ನನ್ನೂ ಹೇರಿಕೊಂಡು ಸಾಹೇಬರ ಅಂಗಡಿಯ ಮುಂದೆ ಇಳಿಸಿದ.

ಸಾಹೇಬರು ಮುರಿದ ಹ್ಯಾಂಡಲ್ಲನ್ನು ತಿರುಗಿಸಿ ನೋಡಿ, "ಇದಕ್ಕೆ ತಡಸಲು ಮರಾನೇ ಆಗ್ಬೇಕು ಸಾರ್. ಬಳುಕ್ತದೆ, ಮುರಿಯಲ್ಲ" ಎಂದರು. ಏಣಿ ಹಾಕಿ ಅಟ್ಟ ಹತ್ತಿ, ಧೂಳು ಹಿಡಿದ ಹಳೆಯ ನೊಗವೊಂದನ್ನು ಇಳಿಸಿದರು.

"ಯಾರದು ಸಾಹೇಬ್ರೇ?"

ಅವರು ನೊಗದ ಮೇಲಿನ ಧೂಳನ್ನು ಊದುತ್ತಲೇ ಇದ್ದರು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಊದಿದರು. "ಯಾರೋ ರಿಪೇರಿಗೆ ಬಿಟ್ಟು ಹೋದದ್ದು. ಆರು ವರ್ಷ ಆಯ್ತು. ಇನ್ನು ಬರಲ್ಲ, ಬಿಡಿ."

ಎರಡು ತುದಿ ಕೊಯ್ದು, ಸವರಿ, ಕ್ಲಚ್ಚಿಗೂ ಆಕ್ಸಿಲರೇಟರಿಗೂ ಕಬ್ಬಿಣದ ಕೊಳವೆ ತೊಡಿಸಿ ನಾಲ್ಕು ದಿನಗಳಲ್ಲಿ ಹ್ಯಾಂಡಲ್ಲು ಮಾಡಿಕೊಟ್ಟರು. ಮಾಮೂಲಿಗಿಂತ ಒಂದು ಗೇಣು ಅಗಲ. ನಡುವೆ ಒಂದು ಹಿತ್ತಾಳೆ ಮೊಳೆ ಇತ್ತು. ಕಿತ್ತರೆ ಮರ ಸೀಳುತ್ತದೆಂದು ಸಾಹೇಬರು ಅದನ್ನು ಹಾಗೆಯೇ ಬಿಟ್ಟಿದ್ದರು. ಎತ್ತುಗಳ ಹೆಗಲು ವರ್ಷಗಟ್ಟಲೆ ತಿಕ್ಕಿ ಗಾಜಿನಂತೆ ನುಣುಪು ಮಾಡಿದ್ದ ಎರಡು ಜಾಗಗಳು ಸರಿಯಾಗಿ ನನ್ನ ಎರಡು ಅಂಗೈಗಳ ಪಕ್ಕಕ್ಕೆ ಬಂದಿದ್ದವು.

ಮೊದಲ ವಾರದಲ್ಲೇ ಒಂದು ಸಂಗತಿ ಗಮನಕ್ಕೆ ಬಂತು. ಮಾಗಿಯ ಚಳಿಯ ಬೆಳಗುಗಳಲ್ಲಿ ಬೈಕು ಹೊರಗೆ ನಿಂತು ಇಬ್ಬನಿ ಕುಡಿದಿರುತ್ತಿತ್ತು, ಹ್ಯಾಂಡಲ್ಲು ಮಾತ್ರ ಬೆಚ್ಚಗಿರುತ್ತಿತ್ತು. ಮರ ಕಬ್ಬಿಣದಷ್ಟು ತಣ್ಣಗಾಗುವುದಿಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಆದರೆ ಎಡಗಡೆ ಮಾತ್ರ ಬೆಚ್ಚಗಿದ್ದು ಬಲಗಡೆ ತಣ್ಣಗಿರುವುದಕ್ಕೆ ನನ್ನ ಹತ್ತಿರ ಪಾಠ ಇರಲಿಲ್ಲ.

ಇನ್ನೊಂದು ದನಗಳ ವಿಚಾರ. ನನ್ನ ಬೈಕಿನ ಸದ್ದು ಕೇಳಿದರೆ ದನಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವು. ಔಷಧದ ವಾಸನೆ ಅವುಗಳಿಗೆ ಫರ್ಲಾಂಗು ದೂರದಿಂದಲೇ ಗೊತ್ತಾಗುತ್ತಿತ್ತು. ಈಗ ಓಡುವುದನ್ನು ಬಿಟ್ಟವು. ದಾರಿಯಲ್ಲಿ ಎದುರು ಬರುವ ಗಾಡಿಯ ಎತ್ತುಗಳು ನನ್ನನ್ನು ಕಂಡು ನಿಂತುಬಿಡುತ್ತಿದ್ದವು. ಮೇಯುತ್ತಿದ್ದ ದನಗಳು ತಲೆಯೆತ್ತಿ, ನಾನು ಹಾದು ಹೋಗುವವರೆಗೂ ಮೆಲುಕು ಹಾಕದೆ ನೋಡುತ್ತಿದ್ದವು. ಇಡೀ ಬಯಲಿನ ದನಗಳು ಒಂದೇ ಕಡೆಗೆ ಮುಖ ತಿರುಗಿಸಿ ನಿಂತಿರುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಹಾಡುಹಗಲಲ್ಲೇ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದಂತಾಗುತ್ತದೆ.

ಶಿವನಿಯಿಂದ ಆಚೆ ಒಂದು ಸಣ್ಣ ಹಳ್ಳಿಗೆ ಲಸಿಕೆ ಹಾಕಲು ಹೋದದ್ದು ಆ ದಿನಗಳಲ್ಲೇ. ಬಿಸಿಲು ಏರಿತ್ತು. ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ ಸಿರಿಂಜು ತೊಳೆಯುತ್ತಿದ್ದೆ. ಪಕ್ಕದ ಮನೆಯ ಹಿತ್ತಲಿನಿಂದ ಒಂದು ಮುದಿ ಕೆಂದೆತ್ತು ಬಂತು. ಕೊರಳಲ್ಲಿ ಹಗ್ಗವಿರಲಿಲ್ಲ. ಅವಸರವಿಲ್ಲದೆ ಬೈಕಿನ ಹಿಂದಿನಿಂದ ನಡೆದು ಬಂದು ಎಡಗಡೆ ನಿಂತಿತು. ತಲೆ ತಗ್ಗಿಸಿ ಹ್ಯಾಂಡಲ್ಲಿನ ಕೆಳಗೆ ತೂರಿಸಿ, ಕತ್ತೆತ್ತಿತು. ಆ ನುಣುಪಾದ ಜಾಗ ಅದರ ಹೆಗಲಿನ ಮೇಲೆ ಕೂತಿತು. ಬೈಕಿನ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಎತ್ತು ಹಾಗೆಯೇ ನಿಂತಿತು, ಯಾರಾದರೂ 'ಹೋಯ್' ಎನ್ನಲಿ ಎಂದು ಕಾಯುವ ಹಾಗೆ.

ಸೇರಿದ್ದ ಜನರಲ್ಲಿ ಯಾರೂ ನಗಲಿಲ್ಲ. ಆ ಮನೆಯಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಗೆ ಬಂದಳು. ಹೆಸರು ಹಾಲಮ್ಮ. ಎತ್ತನ್ನು ಗದರಿಸಲಿಲ್ಲ. ನೇರ ಬಂದು ಹ್ಯಾಂಡಲ್ಲಿನ ನಡುವಿನ ಹಿತ್ತಾಳೆ ಮೊಳೆಯ ಮೇಲೆ ಬೆರಳಿಟ್ಟಳು.

"ಇದನ್ನ ಎಲ್ಲಿಂದ ತಂದ್ರಿ ಡಾಕ್ಟ್ರೇ?"

"ತರೀಕೆರೆಯ ಬಡಗಿ ಸಾಹೇಬರು ಮಾಡಿಕೊಟ್ಟದ್ದಮ್ಮ."

"ಇದು ನಮ್ಮ ನೊಗ ಕಣಪ್ಪ. ಈ ಮೊಳೆ ನಮ್ಮ ಯಜಮಾನ್ರು ಹೊಡೆದದ್ದು."

ಸುತ್ತ ನಿಂತವರು ಉಳಿದ ಕಥೆ ಹೇಳಿದರು. ಆರು ವರ್ಷದ ಹಿಂದೆ ಅವಳ ಗಂಡ, "ನೊಗ ರಿಪೇರಿಗೆ ಕೊಟ್ಟು ಬತ್ತೀನಿ" ಎಂದು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಎಲ್ಲಿ ಕೊಡುತ್ತೇನೆಂದು ಹೇಳಿರಲಿಲ್ಲ. ಅವಳ ತಮ್ಮ ಅಜ್ಜಂಪುರ, ಬೀರೂರು, ಕಡೂರಿನ ಬಡಗಿಗಳನ್ನೆಲ್ಲ ವಿಚಾರಿಸಿ ಬಂದಿದ್ದ. ನೊಗ ಎಲ್ಲಿ ಮಾಡಿಸಿದ್ದೆಂದು ಗಂಡನೊಬ್ಬನಿಗೇ ಗೊತ್ತಿದ್ದದ್ದರಿಂದ ತರೀಕೆರೆ ಯಾರಿಗೂ ಹೊಳೆದಿರಲಿಲ್ಲ. ಜೋಡಿಯಲ್ಲಿ ಬಲಗಡೆಯ ಎತ್ತನ್ನು ಮಾರಿದ್ದರು. ಎಡಗಡೆಯ ಈ ಕೆಂದ ಆಮೇಲೆ ಯಾವ ನೊಗಕ್ಕೂ ಹೆಗಲು ಕೊಟ್ಟಿರಲಿಲ್ಲ. ಹಾಲಮ್ಮನ ಕೊರಳಲ್ಲಿ ತಾಳಿ ಇತ್ತು. ಅದನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ಊರವರೇ ಎರಡು ಪಂಗಡವಾಗಿದ್ದರಂತೆ.

"ನನ್ನನ್ನ ಅಲ್ಲಿಗೆ ಕರ್ಕೊಂಡೋಗಪ್ಪ" ಎಂದಳು.

"ನಾಳೆ ಬಸ್ಸಲ್ಲಿ..."

"ಈಗ್ಲೇ."

ಆ ಕಾಲದಲ್ಲಿ ಆ ಕಡೆಯ ಹೆಂಗಸರು ಬೈಕು ಹತ್ತುತ್ತಿರಲಿಲ್ಲ. ಹಾಲಮ್ಮ ಸೆರಗು ಬಿಗಿದು, ಒಂದು ಕೈಯಲ್ಲಿ ಲಸಿಕೆಯ ಪೆಟ್ಟಿಗೆ ಹಿಡಿದು ಹಿಂದೆ ಕೂತಳು. ಕೆಂದೆತ್ತು ರೈಲ್ವೆ ಗೇಟಿನವರೆಗೂ ನಮ್ಮ ಹಿಂದೆ ಓಡಿ ಬಂತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು. "ಎಡಗಡೆ ಬೆಚ್ಚಗೈತಾ?" ಎಂದು ಕೇಳಿದಳು. ನಾನು ಕೇಳಿಸದವನಂತೆ ಗಾಡಿ ಓಡಿಸಿದೆ.

ಅವಳು ಬೈಕಿನಿಂದ ಇಳಿದು ಹಿತ್ತಾಳೆ ಮೊಳೆಯ ಮೇಲೆ ಕೈಯಿಟ್ಟು ನಿಂತದ್ದನ್ನು ಕಂಡದ್ದೇ ಸಾಹೇಬರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ಯಾರೆಂದು ನಾನು ಹೇಳುವ ಮೊದಲೇ ಅವರ ಮುಖದ ಬಣ್ಣ ಹೋಗಿತ್ತು.

"ಅವ್ರು ಬಂದಿದ್ರಾ ಸಾಬ್ರೇ?"

"ಬಂದಿದ್ರಮ್ಮ. ನಮ್ಮಪ್ಪ ಮಾಡ್ಕೊಟ್ಟ ನೊಗ ಅದು. ಬೇರೆಯವ್ರ ಕೈಲಿ ಮುಟ್ಟಿಸಲ್ಲ ಅಂತ ನನ್ನ ಹತ್ರಾನೇ ತಂದಿದ್ರು."

"ಆಮೇಲೆ ಎಲ್ಲೋದ್ರು?"

ಸಾಹೇಬರು ಬೀದಿಯ ಆಚೆಯ ಹುಣಸೆಮರವನ್ನು ನೋಡಿದರು, ಮತ್ತೆ ಅವಳ ತಾಳಿಯನ್ನು ನೋಡಿದರು. ಹೇಳಿದರು: "ಬರ್ತಾ ಇರ್ತಾರಮ್ಮ. ಸಂತೆ ದಿನ, ಮಧ್ಯಾಹ್ನದ ಹೊತ್ತು, ಆ ಮರದ ಕೆಳಗೆ ನಿಂತಿರ್ತಾರೆ. ನೊಗ ಇದ್ದ ಅಟ್ಟದ ಕಡೆ ನೋಡ್ತಾರೆ. ಕರೆದ್ರೆ ಒಳಗೆ ಬರಲ್ಲ. ಮಾತೂ ಆಡಲ್ಲ."

ಹಾಲಮ್ಮ ಅಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಅವ್ರಿಗೆ ನೊಗ ಬೇಕಲ್ಲ, ಅದಕ್ಕೆ. ಅದನ್ನ ಮೊದಲಿನಂಗೆ ಮಾಡಿ ಇಡಿ. ಸಂತೆ ದಿನ ಬತ್ತೀನಿ" ಎಂದಳು. ನನ್ನ ಬೈಕಿನ ಹ್ಯಾಂಡಲ್ಲು ಆಗಲೇ ಬಿಚ್ಚಿಹೋಯಿತು. ನಾನು ಅವಳನ್ನು ಬಸ್ಸು ಹತ್ತಿಸಿ, ಆಮೇಲೆ ಹ್ಯಾಂಡಲ್ಲಿಲ್ಲದ ಬೈಕನ್ನು ಸಾಹೇಬರ ಅಂಗಡಿಯಲ್ಲೇ ಬಿಟ್ಟು ಊರಿಗೆ ಹೋದೆ.

ಸಂತೆಯ ದಿನ ನಾನೂ ರಜೆ ಹಾಕಿ ಹೋದೆ. ಕುತೂಹಲ ಎನ್ನಿ. ಸಾಹೇಬರು ಕೊಯ್ದಿಟ್ಟಿದ್ದ ತುದಿಗಳನ್ನು ಮರದ ಬೆಣೆಯಿಂದ ಕೂಡಿಸಿ ನೊಗವನ್ನು ಮೊದಲಿನಂತೆ ಮಾಡಿ ಅಂಗಡಿಯ ಕಂಬಕ್ಕೆ ಒರಗಿಸಿದ್ದರು. ಹಾಲಮ್ಮ ಜಗುಲಿಯ ಮೇಲೆ ಕೂತಿದ್ದಳು. ಸಾಹೇಬರು ತಲೆ ಬಗ್ಗಿಸಿಕೊಂಡು, ಸವರಿ ಆಗಿದ್ದ ಹಲಗೆಯನ್ನೇ ಮತ್ತೆ ಸವರುತ್ತಿದ್ದರು. ಬೀದಿಯ ತುಂಬ ಮೆಣಸಿನಕಾಯಿ ಮೂಟೆಗಳು, ಕುರಿಗಳು, ಕೂಗಾಟ. ನೆತ್ತಿಯ ಮೇಲಿನ ಬಿಸಿಲಿಗೆ ಎಲ್ಲರ ನೆರಳೂ ಕಾಲಿನ ಕೆಳಗೆ ಸೇರಿಕೊಂಡಿತ್ತು.

ನಾನು ಬೀಡಿ ಹಚ್ಚಲು ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ಹುಣಸೆಮರದ ಕೆಳಗೆ ಒಬ್ಬ ನಿಂತಿದ್ದ. ಕುಳ್ಳಗೆ, ಒಣಕಲು ಮೈ, ಹೆಗಲ ಮೇಲೆ ಮಡಿಸಿದ ಕಂಬಳಿ. ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿತ್ತು. ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಮ್ಮ ಕಡೆಯೇ ನೋಡುತ್ತಿದ್ದ. ಹಾಲಮ್ಮ ಆಗಲೇ ಎದ್ದಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಬೀದಿ ದಾಟಿ ಅವನ ಮುಂದೆ ನಿಂತಳು. ಏನೋ ಹೇಳಿದಳು. ಸಂತೆಯ ಗಲಾಟೆಯಲ್ಲಿ ನನಗೆ ಕೇಳಲಿಲ್ಲ. ಅವನು ತಲೆಯಾಡಿಸಿದ.

ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಯಲ್ಲಿದ್ದ ಬೀಡಿ ಎಸೆದು ಅವನಿಗೆ ಕೈ ಮುಗಿದೆ. ಹಾಲಮ್ಮ ತಿರುಗಿ ನನ್ನನ್ನು ನೋಡಿ, "ನಾವು ಬಸ್ಸಲ್ಲಿ ಹೋಗ್ತೀವಿ ಡಾಕ್ಟ್ರೇ, ನೊಗ ಆಮೇಲೆ ತಲುಪಿಸಿ" ಎಂದು ಕೂಗಿ ಹೇಳಿದಳು. ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಮೆಣಸಿನಕಾಯಿ ಮೂಟೆಗಳ ಆಚೆ ಮರೆಯಾದರು.

ಆ ವಾರವೆಲ್ಲ ಅಜ್ಜಂಪುರದಲ್ಲಿ ಸಿಕ್ಕವರಿಗೆಲ್ಲ ಈ ಕಥೆ ಹೇಳಿದೆ. ಆರು ವರ್ಷ ಕಳೆದುಹೋಗಿದ್ದ ಮನುಷ್ಯನನ್ನು ಒಂದು ಹ್ಯಾಂಡಲ್ಲಿನಿಂದ ಹುಡುಕಿಕೊಟ್ಟವನು ನಾನು ಎಂದು ಹೇಳುವಾಗ ನನ್ನ ದನಿ ತಾನಾಗಿ ಏರುತ್ತಿತ್ತು. ಹೋಟೆಲಿನವರು ಎರಡು ಸಲ ಬಿಟ್ಟಿ ಕಾಫಿ ಕೊಟ್ಟರು. ವಾರ ಕಳೆದು ಒಂದು ಬೆಳಗ್ಗೆ, ತರೀಕೆರೆಯಿಂದ ತಂದಿಟ್ಟಿದ್ದ ನೊಗವನ್ನು ಗೆಳೆಯನೊಬ್ಬನ ಬೈಕಿನ ಹಿಂದೆ ಕಟ್ಟಿಕೊಂಡು ಹೊರಟೆ. ದಂಪತಿಗಳು ನನಗೆ ಊಟ ಹಾಕದೆ ಬಿಡುವುದಿಲ್ಲ ಎಂದು ಬೆಳಗಿನ ತಿಂಡಿಯನ್ನೂ ತಿಂದಿರಲಿಲ್ಲ.

ಹಾಲಮ್ಮ ಒಬ್ಬಳೇ ಹೊಸ್ತಿಲ ಮೇಲೆ ಕೂತಿದ್ದಳು. ಕೊರಳು ಬರಿದಾಗಿತ್ತು.

"ಯಜಮಾನ್ರು ಎಲ್ಲಮ್ಮ?"

"ಜೊತೇಲೇ ಬಂದ್ರು ಕಣಪ್ಪ. ಬಸ್ಸಲ್ಲಿ ಪಕ್ಕದಲ್ಲೇ ಕುಂತಿದ್ರು. ಊರ ಬಾಗಿಲವರೆಗೂ ಬಂದ್ರು. ಅಲ್ಲಿ ಕೆಂದ ನಿಂತಿತ್ತು. ಅದರ ಹೆಗಲ ಮೇಲೆ ಕೈ ಇಟ್ರು. ನಾನು ಬಾಗಿಲು ತೆಗೆಯೋಕೆ ಅಂತ ಮುಂದೆ ಬಂದೆ. ತಿರುಗಿ ನೋಡಿದ್ರೆ ಎತ್ತು ಒಂದೇ ಇತ್ತು." ಬೈಕಿಗೆ ಕಟ್ಟಿದ್ದ ನೊಗದ ಕಡೆ ನೋಡಿ, "ಮನೆಗೆ ಬಂದು ಹೋದ್ರಲ್ಲ, ಸಾಕು" ಎಂದಳು.

ಅಕ್ಕಪಕ್ಕದವರನ್ನು ಕೇಳಿದೆ. ಆ ದಿನ ಅವಳು ಬಸ್ಸಿನಿಂದ ಒಬ್ಬಳೇ ಇಳಿದದ್ದನ್ನು ನೋಡಿದವರಿದ್ದರು. ಅವರು ನನ್ನನ್ನು ಕನಿಕರದಿಂದ ನೋಡಿದರು. ಕಾಣೆಯಾದವನು ಸಿಕ್ಕಿದ ಎಂದು ನಾನು ಹಬ್ಬಿಸಿದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು.

ನೊಗ ಬಂದದ್ದು ತಿಳಿದು ಮಠದ ಅಯ್ಯನವರು ಬಂದರು. ದೇಹವಿಲ್ಲದ್ದಕ್ಕೆ ನೊಗವನ್ನೇ ಮಣ್ಣು ಮಾಡುವುದೆಂದು ಹಾಲಮ್ಮ ತೀರ್ಮಾನಿಸಿದ್ದಳು. ಹೊಲದ ಬದುವಿನ ಪಕ್ಕದಲ್ಲಿ ಗುಂಡಿ ತೋಡಿ, ನೊಗಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು ಇಳಿಸಿದರು. ಇಳಿಸುವಾಗ ನಾನೂ ಒಂದು ತುದಿ ಹಿಡಿದಿದ್ದೆ. ಅದು ಎಡಗಡೆಯ ತುದಿ. ಆ ಮರ ಕಲ್ಲಿನಷ್ಟು ತಣ್ಣಗಿತ್ತು.

ಮರುದಿನ ತರೀಕೆರೆಗೆ ಹೋದೆ. ಬೈಕಿಗೆ ಹೇಗೋ ಒಂದು ಕಬ್ಬಿಣದ ಹ್ಯಾಂಡಲ್ಲು ಹುಡುಕಿದ್ದೆ. ಅದನ್ನು ಕೂರಿಸುತ್ತ ಹಾಲಮ್ಮನ ವಿಷಯ ಹೇಳಿದೆ. ಸಾಹೇಬರು ಕೇಳುತ್ತ ಕೇಳುತ್ತ ಕೆಳಗೆ ಕೂತುಬಿಟ್ಟರು.

"ನಾನು ಸುಳ್ಳು ಹೇಳ್ದೆ ಸಾರ್" ಎಂದರು. "ಆ ಮನುಷ್ಯ ಯಾವತ್ತೂ ತಿರುಗಿ ಬರಲಿಲ್ಲ. ಆವತ್ತು ನೊಗ ಇಳಿಸಿ, ಎದೆ ಹಿಡ್ಕೊಂಡಂಗೆ ಆಗ್ತದೆ ಅಂದ. ನೀರು ಕೊಟ್ಟೆ. ಆ ಮರದ ನೆರಳಲ್ಲಿ ಒಂದಿಷ್ಟು ಹೊತ್ತು ಕುಂತ್ಕೊಳಿ ಅಂದೆ. ಕೆಲಸದಲ್ಲಿ ಮರೆತೆ. ಸಂಜೆಗೆ ಜನ ಹೇಳಿದ್ರು, ಯಾರೋ ಗುರುತಿಲ್ಲದವನು ಸತ್ತು ಬಿದ್ದಿದ್ದ, ಆಸ್ಪತ್ರೆಗೆ ಎತ್ಕೊಂಡೋದ್ರು ಅಂತ. ನಾನು ಹೋಗಿ ನೋಡಲಿಲ್ಲ ಸಾರ್. ಪೊಲೀಸು, ಠಾಣೆ ಅಂತ ಹೆದರಿಕೊಂಡೆ. ದಿಕ್ಕಿಲ್ಲದ ಹೆಣ ಅಂತ ಅವ್ರೇ ಮಣ್ಣು ಮಾಡಿದ್ರು. ನೊಗಾನ ಅಟ್ಟಕ್ಕೆ ಹಾಕ್ದೆ. ಆರು ವರ್ಷ ಆ ಅಟ್ಟದ ಕೆಳಗೆ ಕುಂತು ಕೆಲಸ ಮಾಡೀನಿ. ಆಯಮ್ಮ ತಾಳಿ ಹಾಕ್ಕೊಂಡು ಬಂದು ಕೇಳಿದ್ರೆ ಸತ್ತೋದ ಅಂತ ಹೆಂಗೆ ಹೇಳ್ಲಿ? ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಸ್ಪ್ಯಾನರು ಎತ್ತಿಕೊಂಡೆ.

"ಸಂತೆ ದಿನ ಆಯಮ್ಮ ಎದ್ದು ಮರದ ಹತ್ರ ಹೋದಾಗ ನಾನು ತಲೆ ಎತ್ತಿ ನೋಡ್ದೆ ಸಾರ್" ಎಂದರು ಸಾಹೇಬರು. "ಅಲ್ಲಿ ಯಾರೂ ಇರಲಿಲ್ಲ. ಬರೀ ನೆರಳಿತ್ತು. ನೆರಳ ಜೊತೆ ಮಾತಾಡ್ತಿದ್ದಾಳೆ, ನನ್ನ ಸುಳ್ಳಿಂದ ಈ ಹೆಂಗಸಿಗೆ ತಲೆ ಕೆಟ್ಟೋಯ್ತು ಅಂತ ಹಲಗೆ ಬಿಟ್ಟು ನಿಮ್ಮ ಕಡೆ ತಿರುಗಿದೆ." ಅವರು ನನ್ನ ಮುಖವನ್ನೇ ನೋಡಿದರು. "ಅದಿರ್ಲಿ ಸಾರ್. ನೀವು ಆವತ್ತು ಯಾರಿಗೆ ಕೈ ಮುಗಿದ್ರಿ?"

ನಾನು ಬಗ್ಗಿ ನಟ್ಟು ಬಿಗಿಯತೊಡಗಿದೆ. ಮರದ ಕೆಳಗಿದ್ದ ಆ ಮನುಷ್ಯ ಎದೆಯ ಮೇಲಿನ ಅಂಗೈ ತೆಗೆದು, ನನಗೆ ತಿರುಗಿ ಕೈ ಮುಗಿದಿದ್ದ ಎನ್ನುವುದನ್ನು ಸಾಹೇಬರಿಗೆ ಹೇಳಲು ಆವತ್ತು ನನಗೆ ಬಾಯಿ ಬರಲಿಲ್ಲ. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ಬರಲಿಲ್ಲ.